ನೇಪಾಳಕ್ಕೆ ಮಿಷನ್ ಟ್ರಿಪ್: ಕಾರವಾರದ ತಂಡ ಹೇಗೆ ತಯಾರಾಗಬೇಕು?

ಪ್ರಶ್ನೆ: ನಾವು ಕಾರವಾರ, ಅಂಕೋಲಾ ಮತ್ತು ಶಿರಸಿಯ ಬೇರೆ ಬೇರೆ ಸಭೆಗಳ (ಚರ್ಚ್‌ಗಳ) 11 ಜನ. ಬರುವ ಜುಲೈಯಲ್ಲಿ ಹತ್ತು ದಿನ ನೇಪಾಳದ ಚಿತ್ವನ್ ಜಿಲ್ಲೆಗೆ ಮಿಷನ್ ಟ್ರಿಪ್ ಹೋಗಬೇಕೆಂದಿದ್ದೇವೆ. ಕಾರವಾರದ ಹೋಟೆಲ್‌ನಲ್ಲಿ ಅಡುಗೆ ಮಾಡುತ್ತಾ ನಮ್ಮ ಸಭೆಗೆ ಬರುತ್ತಿದ್ದ ನೇಪಾಳಿ ಗೆಳೆಯನೊಬ್ಬ ಈಗ ಭರತ್‌ಪುರದ ಹತ್ತಿರ ತನ್ನ ಊರಿನಲ್ಲಿದ್ದಾನೆ. ಅವನೇ ಕರೆದದ್ದು. ಮಕ್ಕಳಿಗೆ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ), ಬೀದಿ ನಾಟಕ, ಸುವಾರ್ತೆಯ ಪುಸ್ತಿಕೆ ಹಂಚುವುದು, ಬಿಪಿ-ಶುಗರ್ ತಪಾಸಣೆ, ಅನಾಥಾಲಯಕ್ಕೆ ಭೇಟಿ, ಇಷ್ಟು ಪ್ಲ್ಯಾನ್ ಇದೆ. ತಂಡದಲ್ಲಿ ಒಬ್ಬರು ಸರ್ಕಾರಿ ನರ್ಸ್, ಒಬ್ಬರು ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವರು, ಒಬ್ಬಳು 17 ವರ್ಷದ ಹುಡುಗಿ. ಕೆಲವರ ಹತ್ತಿರ ಆಧಾರ್ ಕಾರ್ಡ್ ಮಾತ್ರ ಇದೆ. ಹೊರಡುವ ಮೊದಲು ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ ಪ್ರಾಕ್ಟೀಸ್ ಮಾಡೋಣ ಅಂತಲೂ ಒಬ್ಬರು ಹೇಳುತ್ತಿದ್ದಾರೆ. ಹೇಗೆ ತಯಾರಾಗಬೇಕು?

ಉತ್ತರ: ಖಂಡಿತ ಹೋಗಿ. ಆದರೆ ಜುಲೈಯಲ್ಲಿ ಬೇಡ. ಈ ಪ್ಲ್ಯಾನ್ ಹಿಡಿದುಕೊಂಡೂ ಬೇಡ.

ಪ್ಲ್ಯಾನ್ ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಇದನ್ನು ಬರೆದವರು ಯಾರು ಅಂತ. ಇದರಲ್ಲಿ ಕಾರವಾರದವರಿಗೆ ಏನು ಮಾಡೋಕೆ ಬರುತ್ತದೆ ಅನ್ನುವುದೆಲ್ಲ ಇದೆ. ಭರತ್‌ಪುರದವರಿಗೆ ಏನು ಬೇಕು ಅನ್ನುವುದು ಒಂದೂ ಇಲ್ಲ. ನಿಮ್ಮ ಗೆಳೆಯ ಕರೆದಿದ್ದಾನೆ, ಸರಿ. ಗೆಳೆಯ ‘ಬನ್ನಿ’ ಅಂದಿದ್ದಾನೆ ಅಂದ ಮಾತ್ರಕ್ಕೆ ಸಭೆಯೇ ಕರೆದಂತೆ ಆಗುವುದಿಲ್ಲ. ಅವನು ಹೋಗುವ ಸಭೆಯ ಪಾಸ್ಟರ್ ಜೊತೆ, ಸಾಧ್ಯವಾದರೆ ಹಿರಿಯರ ಜೊತೆ, ನೇರವಾಗಿ ಮಾತಾಡಿ. ನಿಮ್ಮ ಪ್ಲ್ಯಾನ್ ಮುಂದಿಟ್ಟು ‘ಇದು ಆಗುತ್ತಾ?’ ಅಂತ ಕೇಳಬೇಡಿ. ಕೇಳಿದರೆ ಅವರು ಆಗುತ್ತದೆ ಅಂತಲೇ ಹೇಳುತ್ತಾರೆ. ದೂರದಿಂದ ಬರುವವರಿಗೆ ಇಲ್ಲ ಅನ್ನುವುದು ಅಲ್ಲೂ ಕಷ್ಟ, ನಮ್ಮಲ್ಲೂ ಕಷ್ಟ. ಅದರ ಬದಲು ಹೀಗೆ ಕೇಳಿ: ಈ ವರ್ಷ ನಿಮ್ಮ ಸಭೆಗೆ ಯಾವುದು ಭಾರವಾಗಿದೆ? ನಾವು ಬಂದರೆ ನಿಮಗೆ ಅಕ್ಕಪಕ್ಕದವರಿಂದ, ವಾರ್ಡಿನಿಂದ, ಪೊಲೀಸರಿಂದ ಏನಾದರೂ ತೊಂದರೆ ಇದೆಯಾ? 11 ಜನ ಜಾಸ್ತಿ ಆಗುತ್ತಾ? ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಉತ್ತರ ತಡವಾಗಿ ಬಂದರೆ, ಸುತ್ತಿಬಳಸಿ ಬಂದರೆ, ಅದೂ ಒಂದು ಉತ್ತರವೇ.

ಪೊಲೀಸರ ಮಾತು ಯಾಕೆ ಎತ್ತಿದೆ ಅಂದರೆ, ನೇಪಾಳದ ಕಾನೂನು ಈ ವಿಷಯದಲ್ಲಿ ಬಹಳ ಬಿಗಿ. 2015ರ ಸಂವಿಧಾನದ 26ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ಕೊಡುತ್ತದೆ. ಅದೇ ವಿಧಿ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯ 158ನೇ ಸೆಕ್ಷನ್ ಇದಕ್ಕೆ ಶಿಕ್ಷೆ ಹೇಳುತ್ತದೆ: 5 ವರ್ಷದವರೆಗೆ ಜೈಲು, 50 ಸಾವಿರ ನೇಪಾಳಿ ರೂಪಾಯಿವರೆಗೆ ದಂಡ. ಮಾಡಿದ್ದು ವಿದೇಶಿಯಾದರೆ ಶಿಕ್ಷೆ ಮುಗಿದ 7 ದಿನದೊಳಗೆ ದೇಶದಿಂದ ಹೊರಗೆ. ಇಲ್ಲಿ ಗಮನಿಸಬೇಕಾದದ್ದು, ಆಮಿಷ ಒಡ್ಡಿದ್ದರೆ ಮಾತ್ರ ತಪ್ಪು ಅಂತ ಅಲ್ಲಿ ಇಲ್ಲ. ಆಮಿಷ ಇರಲಿ ಇಲ್ಲದಿರಲಿ, ಮತಾಂತರದ ಉದ್ದೇಶದಿಂದ ಪ್ರಚಾರ ಮಾಡಿದರೂ ಅದು ಅಪರಾಧದ ವ್ಯಾಪ್ತಿಗೆ ಬರುತ್ತದೆ. ಪ್ರಯತ್ನಪಟ್ಟರೂ, ಪ್ರಯತ್ನಕ್ಕೆ ಕುಮ್ಮಕ್ಕು ಕೊಟ್ಟರೂ ಬರುತ್ತದೆ.

ಹಾಗಾಗಿ ಬೀದಿ ನಾಟಕ ಮತ್ತು ಪುಸ್ತಿಕೆ ಹಂಚಿಕೆ, ಎರಡನ್ನೂ ಪಟ್ಟಿಯಿಂದ ತೆಗೆಯಿರಿ. ಈ ಕಾನೂನು ಸರಿಯಾ ತಪ್ಪಾ ಅಂತ ಚರ್ಚೆ ಮಾಡಬಹುದು. ನೇಪಾಳದ ಕ್ರೈಸ್ತರೇ ಮಾಡುತ್ತಿದ್ದಾರೆ, ಮಾಡಲಿ, ಅದು ಅವರ ದೇಶ. ಆದರೆ 10 ದಿನಕ್ಕೆ ಬಂದವರು ಅದನ್ನು ಬೀದಿಯಲ್ಲಿ ಪರೀಕ್ಷೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ, ಗಡಿ ನಡೆದೇ ದಾಟಬಹುದು. ಇದರಿಂದ ನಮ್ಮವರಿಗೆ ಅದು ಬೇರೆ ದೇಶ ಅನ್ನುವುದೇ ಮರೆತುಹೋಗುತ್ತದೆ. ವೀಸಾ ಬೇಡ ಅಂದರೆ ಒಳಗೆ ಬರಬಹುದು ಅಂತ ಅಷ್ಟೇ. ಧಾರ್ಮಿಕ ಪ್ರಚಾರಕ್ಕೆ ಅನುಮತಿ ಸಿಕ್ಕಿತು ಅಂತ ಅರ್ಥವಲ್ಲ.

ಇಲ್ಲಿ ಯಾರಾದರೂ ಸಂತ ಜೋಸೆಫ್ ವಾಜ್ ಅವರ ಉದಾಹರಣೆ ಕೊಡುತ್ತಾರೆ ಅಂತ ನನಗೆ ಗೊತ್ತು. ನಮ್ಮ ಕರಾವಳಿಯ ಮಾತಾದ್ದರಿಂದ ಸ್ವಲ್ಪ ಹೇಳುತ್ತೇನೆ. 1651ರಲ್ಲಿ ಗೋವಾದ ಬೆನಾವಲಿಯಲ್ಲಿ ಹುಟ್ಟಿದ ಅವರು 1681ರಿಂದ ಮೂರು ವರ್ಷ ಕೆನರಾ ಕರಾವಳಿಯಲ್ಲಿ ಓಡಾಡಿ ಸೇವೆ ಮಾಡಿದರು. ಆಮೇಲೆ 1687ರಲ್ಲಿ ವೇಷ ಮರೆಸಿಕೊಂಡು ಸಿಲೋನ್‌ಗೆ (ಇಂದಿನ ಶ್ರೀಲಂಕಾ) ಹೋದರು. ಅಲ್ಲಿನ ಕರಾವಳಿಯಲ್ಲಿ ಆಗ ಡಚ್ಚರ ಆಡಳಿತ, ಕ್ಯಾಥೊಲಿಕ್ ಗುರುಗಳಿಗೆ ಪ್ರವೇಶ ಇರಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ‘ಅವರು ಕಾನೂನು ಲೆಕ್ಕಿಸದೆ ಹೋಗಲಿಲ್ವಾ?’ ಅಂತ ಕೇಳಬಹುದು. ಹೋದರು. ಆದರೆ ತಮಿಳು ಕಲಿತರು, ಸಿಂಹಳ ಕಲಿತರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಅನ್ನುವ ಸಂಶಯಕ್ಕೆ ಜೈಲು ಸೇರಿದರು. ಅಲ್ಲಿ ಸಿಡುಬು ಹಬ್ಬಿದಾಗ ಊರು ಬಿಡದೆ ರೋಗಿಗಳ ಆರೈಕೆ ಮಾಡಿದರು. 1711ರಲ್ಲಿ ಅಲ್ಲೇ ತೀರಿಕೊಂಡರು. ಅಪಾಯ ಬಂದಾಗ ಅವರೂ ಅಲ್ಲೇ ಇದ್ದರು. ನೀವು 11ನೇ ದಿನ ಕಾರವಾರದಲ್ಲಿ ಇರುತ್ತೀರಿ. ನಿಮ್ಮ ನಾಟಕದ ಬಗ್ಗೆ ದೂರು ಹೋದರೆ ಠಾಣೆಗೆ ಹೋಗಿ ಕೂರುವವರು ನಿಮ್ಮನ್ನು ಕರೆದ ಪಾಸ್ಟರ್ ಮತ್ತು ನಿಮ್ಮ ಗೆಳೆಯ.

ಹಾಗಾದರೆ ಹೋಗಿ ಮಾಡುವುದೇನು? ಸಭೆಯವರ ಜೊತೆ ಆರಾಧನೆ, ಪ್ರಾರ್ಥನೆ. ಅಲ್ಲಿನ ಯೌವನಸ್ಥರ ಜೊತೆ ಬೈಬಲ್ ಅಧ್ಯಯನ. ಹಾಡು ಕಲಿಯುವುದು, ಕಲಿಸುವುದು. ಮನೆಮನೆಗೆ ಹೋಗಿ ಕಾಯಿಲೆಯಲ್ಲಿರುವ ಸಭಿಕರ ಜೊತೆ ಕೂರುವುದು. ಅವರು ಕೇಳಿದರೆ ಕಟ್ಟಡದ ಕೆಲಸ, ಕಂಪ್ಯೂಟರ್, ಲೆಕ್ಕಪತ್ರ, ಸೌಂಡ್ ಸಿಸ್ಟಮ್ ರಿಪೇರಿ, ಭಾನುವಾರ ಶಾಲೆಯ ಶಿಕ್ಷಕರಿಗೆ ತರಬೇತಿ. ಕೊನೆಯದು ನನಗೆ ಬಹಳ ಇಷ್ಟ. ನೀವೇ ವಿ.ಬಿ.ಎಸ್. ನಡೆಸಿದರೆ ಅಕ್ಕಪಕ್ಕದ ಮನೆಯ ಮಕ್ಕಳೂ ಬರುತ್ತಾರೆ, ಅವರಿಗೆ ಬಿಸ್ಕತ್ತು ಕೊಡುತ್ತೀರಿ, ಫೋಟೊ ತೆಗೆಯುತ್ತೀರಿ. ಕಾನೂನಿನ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಅಂತ ಯೋಚಿಸಿ. ಅದೇ ಸಮಯದಲ್ಲಿ ಆ ಸಭೆಯ ಆರೇಳು ಶಿಕ್ಷಕರಿಗೆ ಕಥೆ ಹೇಳುವುದು, ಬೊಂಬೆ ಮಾಡುವುದು, ಆಟ ಆಡಿಸುವುದು ಹೇಳಿಕೊಟ್ಟರೆ ಅವರು ತಮ್ಮ ಮಕ್ಕಳಿಗೆ ವರ್ಷವಿಡೀ ತಮ್ಮ ಭಾಷೆಯಲ್ಲಿ ಮಾಡುತ್ತಾರೆ.

ಬಿಪಿ-ಶುಗರ್ ತಪಾಸಣೆ ವಿಷಯಕ್ಕೆ ಬರೋಣ. ಭರತ್‌ಪುರ ಆಸ್ಪತ್ರೆಗಳ ಊರು. ನೇಪಾಳದ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಇರುವುದೇ ಅಲ್ಲಿ, ಮೆಡಿಕಲ್ ಕಾಲೇಜುಗಳಿವೆ. ಅಲ್ಲಿಗೆ ಬಿಪಿ ಮಷಿನ್ ಹೊತ್ತುಕೊಂಡು ಹೋಗುವುದು ಕಾರವಾರಕ್ಕೆ ಮೀನು ಒಯ್ದ ಹಾಗೆ. ಕಾನೂನಿನ ತೊಡಕೂ ಇದೆ. ಹೊರಗಿನ ಡಾಕ್ಟರ್ ಅಲ್ಲಿ ರೋಗಿ ನೋಡಬೇಕಾದರೆ ನೇಪಾಳ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕು. ನರ್ಸ್‌ಗಳಿಗೆ ಬೇರೆ ಕೌನ್ಸಿಲ್ ಇದೆ. ಅದೆಲ್ಲ ಇಲ್ಲದೆ ಮಾತ್ರೆ ಹಂಚಿದರೆ, ಅದೂ ಪ್ರಾರ್ಥನೆಯ ಪಕ್ಕದ ಟೇಬಲ್‌ನಲ್ಲಿ, ಅದನ್ನೇ ಆಮಿಷ ಅನ್ನುವವರು ಇರುತ್ತಾರೆ. ನಿಮ್ಮ ನರ್ಸ್ ಸಿಸ್ಟರ್ ತಂಡದ ಆರೋಗ್ಯ ನೋಡಿಕೊಳ್ಳಲಿ, ಅದೇ ಸಾಕಷ್ಟು ಕೆಲಸ. ಬೇಕಿದ್ದರೆ ಸಭೆಯ ಹೆಂಗಸರ ಜೊತೆ ಕೂತು ಸಕ್ಕರೆ ಕಾಯಿಲೆ, ಬಸುರಿ-ಬಾಣಂತಿಯರ ಊಟ ಇಂಥದ್ದರ ಬಗ್ಗೆ ಮಾತಾಡಲಿ. ಮಾತಿಗೆ ನೋಂದಣಿ ಬೇಕಾಗಿಲ್ಲ.

ಅನಾಥಾಲಯ ಭೇಟಿ ಬೇಡವೇ ಬೇಡ. ನೇಪಾಳದಲ್ಲಿ ಇದು ಹಳೆಯ ಹುಣ್ಣು. ಬೆಟ್ಟದ ಹಳ್ಳಿಗಳಿಂದ ಓದಿಸುತ್ತೇವೆ ಅಂತ ಮಕ್ಕಳನ್ನು ತಂದು, ತಂದೆತಾಯಿ ಬದುಕಿದ್ದರೂ ಕಾಗದದ ಮೇಲೆ ಅನಾಥರನ್ನಾಗಿ ಮಾಡಿ, ಹೊರದೇಶದ ಭೇಟಿಗಾರರಿಂದ ಹಣ ಎತ್ತುವ ದಂಧೆ ಅಲ್ಲಿ ದೊಡ್ಡದಾಗಿ ಬೆಳೆದಿತ್ತು. ಯುನಿಸೆಫ್ ಕೂಡ ಇಂಥ ಭೇಟಿಗಳ ವಿರುದ್ಧ ಎಚ್ಚರಿಸಿದೆ. ಎಲ್ಲ ಸಂಸ್ಥೆಗಳೂ ಹಾಗಲ್ಲ. ಆದರೆ ಒಂದು ಮಧ್ಯಾಹ್ನದ ಭೇಟಿಯಲ್ಲಿ ಯಾವುದು ಹೇಗೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೂ ಮಗು ಮಾತ್ರ ನಿಮ್ಮನ್ನು ಅಪ್ಪಿಕೊಂಡು, ಸಂಜೆ ನೀವು ಹೊರಟಾಗ ನೋಡುತ್ತಾ ನಿಲ್ಲುತ್ತದೆ. ಸಭೆಯ ಮಕ್ಕಳ ಜೊತೆ ಇರುವಾಗಲೂ ಕೆಲವು ನಿಯಮ ಇಟ್ಟುಕೊಳ್ಳಿ. ಯಾರೂ ಒಬ್ಬರೇ ಒಂದು ಮಗುವಿನ ಜೊತೆ ಕೋಣೆಯಲ್ಲಿ ಇರಬಾರದು. ಸದಾ ಇಬ್ಬರು ದೊಡ್ಡವರು ಇರಬೇಕು, ಅದರಲ್ಲಿ ಒಬ್ಬರು ಅಲ್ಲಿನವರು.

ಈಗ ಮೊಬೈಲ್. ನನ್ನ ಅನುಭವದಲ್ಲಿ ತಂಡಗಳು ಅತಿ ಹೆಚ್ಚು ಹಾನಿ ಮಾಡುವುದು ಇದರಿಂದಲೇ, ಅದೂ ಒಳ್ಳೆಯ ಮನಸ್ಸಿನಿಂದ. ಊರಿಗೆ ಬಂದ ಮೇಲೆ ಒಬ್ಬ ಫೇಸ್‌ಬುಕ್‌ನಲ್ಲಿ ‘ದೇವರು ಇಷ್ಟು ಜನರ ಜೀವನ ಬದಲಾಯಿಸಿದ’ ಅಂತ ಬರೆದು, ಪಾಸ್ಟರ್ ಹೆಸರು, ಊರು, ದೀಕ್ಷಾಸ್ನಾನದ ಫೋಟೊ ಹಾಕುತ್ತಾನೆ. ಇಲ್ಲಿ ನೂರು ಲೈಕ್ ಬರುತ್ತದೆ. ಅಲ್ಲಿ ಅದು ಸಾಕ್ಷ್ಯ. ಹೋಗುವ ಮೊದಲೇ ಬರೆಯುವ ಪತ್ರಗಳೂ ಹಾಗೇ. ಕಾಣಿಕೆ ಎತ್ತಲು ಸಭೆಗಳಿಗೆ ಕಳಿಸುವ ಪತ್ರದಲ್ಲಿ ‘ಕತ್ತಲೆಯ ದೇಶ’, ‘ನೇಪಾಳವನ್ನು ಗೆಲ್ಲೋಣ’ ಇಂಥ ಮಾತು ಬೇಡ. ಆ ಪತ್ರವನ್ನು ನೇಪಾಳದ ಪಾಸ್ಟರೂ, ಅವರ ಪಕ್ಕದ ಮನೆಯವರೂ, ಅಲ್ಲಿನ ಪೊಲೀಸರೂ ಓದಬಹುದು ಅಂದುಕೊಂಡು ಬರೆಯಿರಿ. ತಂಡಕ್ಕೆ ಒಬ್ಬರೇ ಫೋಟೊ ತೆಗೆಯುವವರು ಇರಲಿ. ಯಾವ ಫೋಟೊ ಹೊರಗೆ ಹೋಗಬಹುದು ಅನ್ನುವುದನ್ನು ಅಲ್ಲಿನ ಸಭೆ ಹೇಳಲಿ. ಉಳಿದವರು ಬೆಟ್ಟದ ಫೋಟೊ, ದಾಲ್-ಭಾತ್ ತಟ್ಟೆಯ ಫೋಟೊ ಎಷ್ಟು ಬೇಕಾದರೂ ಹಾಕಿಕೊಳ್ಳಲಿ. ಇದನ್ನು ಬಾಯಿಮಾತಲ್ಲಿ ಬಿಡಬೇಡಿ. ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ತೆಗೆದುಕೊಳ್ಳಿ.

ತಿಂಗಳು ಯಾಕೆ ಬದಲಾಯಿಸಬೇಕು ಅಂತ ಅಂಕೋಲಾದವರಿಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಅದಕ್ಕೆ ನಾಲ್ಕೇ ದಿನ ಮೊದಲು, ಜುಲೈ 12ರಂದು, ನೀವು ಹೊರಟಿರುವ ಅದೇ ಚಿತ್ವನ್ ಜಿಲ್ಲೆಯ ಸಿಮಲ್‌ತಾಲ್‌ನಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು 60ಕ್ಕೂ ಹೆಚ್ಚು ಪ್ರಯಾಣಿಕರ ಸಮೇತ ತ್ರಿಶೂಲಿ ನದಿಗೆ ಬಿದ್ದವು. ಅದು ಕಾಠ್ಮಂಡುವಿನಿಂದ ಭರತ್‌ಪುರಕ್ಕೆ ಬರುವ ಮುಖ್ಯ ರಸ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಮಳೆಗಾಲ, ಬೆಟ್ಟದ ರಸ್ತೆಗಳು ಯಾವಾಗ ಮುಚ್ಚುತ್ತವೆ ಹೇಳಲಾಗದು. ಇತ್ತ ಕೊಂಕಣ ರೈಲ್ವೆಯೂ ಮಳೆಗಾಲದ ವೇಳಾಪಟ್ಟಿಯಲ್ಲಿ ನಿಧಾನ ಓಡುತ್ತಿರುತ್ತದೆ.

ದಸರಾ ರಜೆ ಸಿಗುತ್ತದೆ ಅಂತ ಅಕ್ಟೋಬರ್‌ಗೆ ಹಾಕಿಕೊಳ್ಳಬೇಡಿ. ನಮ್ಮ ದಸರಾದಲ್ಲೇ ಅವರ ದಶೈಂ. ಅದು ಅವರಿಗೆ ವರ್ಷದ ದೊಡ್ಡ ಹಬ್ಬ. ದೇಶವೇ ಊರಿಗೆ ಹೊರಟಿರುತ್ತದೆ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದೀಪಾವಳಿಯ ಹೊತ್ತಿಗೆ ತಿಹಾರ್. ಅದು ಮುಗಿದ ಮೇಲೆ ನವೆಂಬರ್ ಒಳ್ಳೆಯದು. ಆಕಾಶ ತಿಳಿಯಾಗಿರುತ್ತದೆ, ರಸ್ತೆ ಒಣಗಿರುತ್ತದೆ. ತಾರೀಖು ಮಾತಾಡುವಾಗ ಒಂದು ಎಚ್ಚರ: ಅವರ ದಿನಬಳಕೆಯ ಕ್ಯಾಲೆಂಡರ್ ಬಿಕ್ರಮ್ ಸಂವತ್, ತಿಂಗಳು ಶುರುವಾಗುವ ದಿನವೇ ಬೇರೆ. ಎರಡೂ ಕ್ಯಾಲೆಂಡರ್‌ನ ತಾರೀಖು ಬರೆದು ಖಾತ್ರಿ ಮಾಡಿಕೊಂಡೇ ಟಿಕೆಟ್ ತೆಗೆಯಿರಿ.

ದಾರಿ ಎರಡಿವೆ. ಮಡಗಾಂವ್‌ನಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ಗೋರಖ್‌ಪುರ, ಬಸ್ಸಿನಲ್ಲಿ ಸೋನೌಲಿ ಗಡಿ, ದಾಟಿ ಮತ್ತೆ ಬಸ್ಸು. ಅಗ್ಗ, ಆದರೆ ಹೋಗಿ ಬರುವುದರಲ್ಲೇ ಒಂದು ವಾರ ಕರಗುತ್ತದೆ. ಗೋವಾದಿಂದ ವಿಮಾನದಲ್ಲಿ ದೆಹಲಿ ಅಥವಾ ಮುಂಬೈ ಮೂಲಕ ಗೋರಖ್‌ಪುರಕ್ಕೆ ಹೋಗಿ ಸೋನೌಲಿಯಿಂದ ಒಳಗೆ ಹೋದರೆ ಸಮಯವೂ ಉಳಿಯುತ್ತದೆ, ಆ ತ್ರಿಶೂಲಿ ದಂಡೆಯ ರಸ್ತೆಯೂ ತಪ್ಪುತ್ತದೆ. ನಾನಾದರೆ ಇದನ್ನೇ ಆರಿಸುತ್ತೇನೆ.

ದಾಖಲೆಗಳು. ಆಧಾರ್ ಇದ್ದರೆ ಸಾಕು ಅನ್ನುವುದು ತಪ್ಪು ಕಲ್ಪನೆ. 15ರಿಂದ 65 ವರ್ಷದೊಳಗಿನವರಿಗೆ ನೇಪಾಳ ಪ್ರಯಾಣಕ್ಕೆ ಆಧಾರ್ ನಡೆಯುವುದಿಲ್ಲ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಚುನಾವಣಾ ಆಯೋಗದ ವೋಟರ್ ಐಡಿ. ವೋಟರ್ ಐಡಿ ಇದ್ದರೂ ಎಲ್ಲರೂ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ ಅಂತಲೇ ನನ್ನ ಸಲಹೆ. ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಒಂದು ದಿನ ಹೋಗಿ ಬಂದರಾಯಿತು, ಆಮೇಲೆ ಪೊಲೀಸ್ ಪರಿಶೀಲನೆಗೆ ಮನೆಯಲ್ಲಿರಬೇಕು. ಹೆಸರಿನ ಕಾಗುಣಿತ ನೋಡಿಕೊಳ್ಳಿ. ನಮ್ಮ ಕಡೆ ಫರ್ನಾಂಡಿಸ್, ಡಿಸೋಜಾ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುತ್ತದೆ. ಅದನ್ನು ಸರಿಪಡಿಸಲು ಹೋದರೆ ತಿಂಗಳುಗಟ್ಟಲೆ ಆಗಬಹುದು. 17ರ ಹುಡುಗಿಗೆ ಶಾಲೆಯ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪ್ರಮಾಣಪತ್ರದ ದಾರಿಯೂ ಇದೆ. ಆದರೂ ಪಾಸ್‌ಪೋರ್ಟ್ ವಾಸಿ. ಜೊತೆಗೆ ತಂದೆತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಇರಲಿ, ಅವಳ ಜವಾಬ್ದಾರಿ ಹೊತ್ತ ಒಬ್ಬ ಹೆಂಗಸು ತಂಡದಲ್ಲಿ ಇರಲೇಬೇಕು.

ಕೈಗಾದವರು ಮತ್ತು ಸರ್ಕಾರಿ ನರ್ಸ್, ನೀವು ಇವತ್ತೇ ಕೆಲಸ ಶುರು ಮಾಡಿ. ವಿದೇಶ ಪ್ರಯಾಣಕ್ಕೆ ನಿಮ್ಮ ಇಲಾಖೆಯ ಅನುಮತಿ ಬೇಕು, ರಜೆ ಮಂಜೂರಾದರೆ ಸಾಲದು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. 2010ರ ವಿದೇಶಿ ದೇಣಿಗೆ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರರೂ, ಸರ್ಕಾರದ ಒಡೆತನದ ಸಂಸ್ಥೆಗಳ ನೌಕರರೂ ಹೊರದೇಶದಲ್ಲಿ ವಿದೇಶಿ ಮೂಲದವರಿಂದ ಉಚಿತ ಊಟ, ವಸತಿ, ಪ್ರಯಾಣ ಪಡೆಯಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಮುಂಗಡ ಅನುಮತಿ ಬೇಕು. ಸಣ್ಣ ಸಭೆಯ ದಾಲ್-ಭಾತ್‌ಗೂ ಇದು ಅನ್ವಯಿಸುತ್ತದಾ ಅಂತ ವಾದ ಮಾಡುತ್ತಾ ಕೂರುವುದಕ್ಕಿಂತ ಸುಲಭ ದಾರಿ ಒಂದಿದೆ. ಇವರಿಬ್ಬರು ತಮ್ಮ ಖರ್ಚು ತಾವೇ ಕೊಟ್ಟು ಲಾಡ್ಜ್‌ನಲ್ಲಿ ಉಳಿಯಲಿ, ರಸೀದಿ ಇಟ್ಟುಕೊಳ್ಳಲಿ. ನಿಜ ಹೇಳಬೇಕೆಂದರೆ ಇಡೀ ತಂಡವೇ ಹಾಗೆ ಮಾಡಿದರೆ ಒಳ್ಳೆಯದು. 11 ಜನರಿಗೆ ಹತ್ತು ದಿನ ಊಟ ಹಾಕುವುದು ಒಂದು ಹಳ್ಳಿಯ ಸಭೆಗೆ ಹಗುರವಾದ ಕೆಲಸವಲ್ಲ.

ಹಣದ ಬಗ್ಗೆ ಹೆಚ್ಚಿಲ್ಲ. ನಮ್ಮ 100 ರೂಪಾಯಿಗೆ ಅಲ್ಲಿನ 160. ಈ ದರ ನಿಗದಿಯಾಗಿದೆ, ಗಡಿಯಲ್ಲಿ ಚೌಕಾಸಿ ಬೇಡ. ನಮ್ಮ 100ರ ಮತ್ತು ಚಿಕ್ಕ ನೋಟುಗಳು ನಡೆಯುತ್ತವೆ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಬ್ಯಾಂಕಿನಲ್ಲಿ ಕೇಳಿಕೊಂಡು ಹೋಗಿ. ಕೆಲವು ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ, ಆದರೆ ಹಳ್ಳಿಯಲ್ಲಿ ಅದನ್ನು ನಂಬಿಕೊಳ್ಳಬೇಡಿ. ಸಭೆಗೆ ಕಾಣಿಕೆ ಕೊಡುವುದಿದ್ದರೆ ತಂಡದ ಹೆಸರಿನಲ್ಲಿ ಒಂದೇ ಸಲ, ಅಲ್ಲಿನ ಹಿರಿಯರ ಸಮಿತಿಯ ಕೈಗೆ, ಬರೆದು ಕೊಡಿ. ಒಬ್ಬೊಬ್ಬರೂ ಗುಟ್ಟಾಗಿ ಯಾರ ಕೈಗೂ ದುಡ್ಡು ತುರುಕಬಾರದು. ಕರುಣೆಯಿಂದಲೇ ಕೊಡುತ್ತಾರೆ, ಸರಿ, ಆದರೆ ನೀವು ಹೋದ ಮೇಲೆ ಯಾರಿಗೆ ಎಷ್ಟು ಸಿಕ್ಕಿತು ಅಂತ ಅಲ್ಲಿ ಜಗಳ ಉಳಿಯುತ್ತದೆ. ಪ್ರಯಾಣ ವಿಮೆ ಎಲ್ಲರಿಗೂ ಮಾಡಿಸಿ. ನಿಮ್ಮ ಮಾಮೂಲಿ ಆರೋಗ್ಯ ವಿಮೆ ಗಡಿಯಾಚೆ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ.

ಇನ್ನು ತಂಡ. ಮೂರು ಊರಿನ, ಬೇರೆ ಬೇರೆ ಸಭೆಯ ಜನ ಅಂದಿರಿ. ಇದು ಚೆಂದ, ಆದರೆ ಸುಲಭವಲ್ಲ. ಒಬ್ಬರು ಕೈತಟ್ಟಿ ಹಾಡುವವರು, ಒಬ್ಬರು ಪುಸ್ತಕ ನೋಡಿ ಪ್ರಾರ್ಥಿಸುವವರು. ಜಪಮಾಲೆಯವರೂ ಇರಬಹುದು, ಅದನ್ನು ಒಪ್ಪದವರೂ ಇರಬಹುದು. ಈ ವಾದವನ್ನು ಇಲ್ಲಿಯೇ ಮಾಡಿ ಮುಗಿಸಿ, ನೇಪಾಳದ ಸಭೆಯ ಮುಂದೆ ಬೇಡ. ಅಲ್ಲಿ ಆ ಸಭೆಯ ಪದ್ಧತಿಯೇ ಪದ್ಧತಿ. ಒಬ್ಬ ನಾಯಕ, ಅವರಿಗೆ ಏನಾದರೂ ಆದರೆ ಇನ್ನೊಬ್ಬರು, ಇದನ್ನು ಮೊದಲೇ ನಿರ್ಧರಿಸಿ. ಯಾರಾದರೂ ನಿಯಮ ಮುರಿದರೆ ಅವರನ್ನು ವಾಪಸ್ ಕಳಿಸುವ ಅಧಿಕಾರ ನಾಯಕರಿಗೆ ಇರಬೇಕು, ಆ ಟಿಕೆಟ್ಟಿನ ದುಡ್ಡು ಮೊದಲೇ ಎತ್ತಿಟ್ಟಿರಬೇಕು. ಕಠಿಣ ಅನ್ನಿಸಬಹುದು. ಆದರೆ ಈ ಮಾತನ್ನು ಮೊದಲೇ ಹೇಳಿದ ತಂಡದಲ್ಲಿ ಅದನ್ನು ಬಳಸುವ ಪ್ರಸಂಗ ಬರುವುದು ಕಡಿಮೆ. ಕನಿಷ್ಠ ಮೂರು ತಿಂಗಳು, ವಾರಕ್ಕೊಮ್ಮೆ ಸೇರಿ. ಶಿರಸಿಯವರು ಪ್ರತಿ ವಾರ ಘಟ್ಟ ಇಳಿಯಲಾಗದಿದ್ದರೆ ಫೋನ್‌ನಲ್ಲಿ ಸೇರಲಿ. ಆದರೆ ಒಂದೆರಡು ಸಲವಾದರೂ ಎಲ್ಲರೂ ಒಂದೇ ಸೂರಿನ ಕೆಳಗೆ ರಾತ್ರಿ ಕಳೆಯಿರಿ. ಯಾರು ಬೆಳಿಗ್ಗೆ ಏಳುವುದಿಲ್ಲ, ಯಾರಿಗೆ ಊಟದ ತಕರಾರು, ಯಾರಿಗೆ ಸುಸ್ತಾದರೆ ಸಿಟ್ಟು ಬರುತ್ತದೆ, ಎಲ್ಲ ಗೊತ್ತಾಗುತ್ತದೆ.

ಮುಂಡಗೋಡದ ಸಲಹೆ ಬಗ್ಗೆ: ಬೇಡ. ಟಿಬೆಟಿಯನ್ನರು ತಮ್ಮ ನೆಲ ಕಳೆದುಕೊಂಡು, ತಮ್ಮ ಧರ್ಮ ಉಳಿಸಿಕೊಳ್ಳಬೇಕು ಅಂತ 1960ರ ದಶಕದಲ್ಲಿ ಇಲ್ಲಿ ಬಂದು ನೆಲೆಸಿದವರು. ಅವರ ಮೇಲೆ ‘ಪ್ರಾಕ್ಟೀಸ್’ ಮಾಡುವುದು ಅನ್ನುವ ಯೋಚನೆಯೇ ನಿಮ್ಮ ತಂಡ ಕೂತು ಮಾತಾಡಬೇಕಾದ ವಿಷಯ. ಅಭ್ಯಾಸ ಬೇಕೆಂದರೆ ಅತಿಥಿಯಾಗಿರುವ ಅಭ್ಯಾಸ ಮಾಡಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಕ್ರೈಸ್ತ ಕುಟುಂಬಗಳಿವೆ. ಅಲ್ಲಿನ ಫಾದರ್ ಮೂಲಕ ಕೇಳಿ, ಅವರು ಒಪ್ಪಿದರೆ ಎರಡು ದಿನ ಹೋಗಿ ಇರಿ. ಕಾರ್ಯಕ್ರಮ ಏನೂ ಇಟ್ಟುಕೊಳ್ಳಬೇಡಿ. ಅವರು ಗದ್ದೆಗೆ ಹೋದರೆ ಜೊತೆಗೆ ಹೋಗಿ, ಅವರು ಹಾಡಿದರೆ ಕಲಿಯಿರಿ. ಏನೂ ಕಲಿಸದೆ ಎರಡು ದಿನ ಇರುವುದು ಎಷ್ಟು ಕಷ್ಟ ಅಂತ ಆಗ ತಿಳಿಯುತ್ತದೆ.

ಭಾಷೆಯಲ್ಲಿ ನಿಮಗೊಂದು ಅನುಕೂಲ ಇದೆ. ನೇಪಾಳಿ ಬರೆಯುವುದು ದೇವನಾಗರಿಯಲ್ಲಿ. ಕಾರವಾರದಲ್ಲಿ ಹಿಂದಿ, ಮರಾಠಿ ಓದಲು ಬರುವವರಿಗೆ ಬರವಿಲ್ಲ. ಹಾಡಿನ ಪುಸ್ತಕ ಕೈಗೆ ಬಂದ ದಿನವೇ ಓದಿಕೊಂಡು ಹಾಡಬಹುದು. ಗೆಳೆಯನಿಂದ ಐದಾರು ಹಾಡು ರೆಕಾರ್ಡ್ ಮಾಡಿಸಿ ತರಿಸಿಕೊಳ್ಳಿ. ಹಿಂದಿ ಅಲ್ಲಿ ತುಂಬಾ ಜನರಿಗೆ ಅರ್ಥವಾಗುತ್ತದೆ, ಆದರೆ ಹಿಂದಿಯಲ್ಲೇ ಜೋರಾಗಿ ಮಾತು ಶುರು ಮಾಡಬೇಡಿ. ಮೊದಲು ‘ಜಯ್ ಮಸೀಹ್’ ಅಂತ ನಮಸ್ಕಾರ ಮಾಡಿ, ನಾಲ್ಕು ನೇಪಾಳಿ ಮಾತಾಡಿ, ಆಮೇಲೆ ಹಿಂದಿ ಆಗಬಹುದಾ ಅಂತ ಕೇಳಿ. ಭಾರತದವರ ದೊಡ್ಡಣ್ಣನ ಧಾಟಿ ಅವರಿಗೆ ಚೆನ್ನಾಗಿ ಗೊತ್ತು. 2015ರ ಏಪ್ರಿಲ್‌ನ ಭೂಕಂಪದಲ್ಲಿ ಸುಮಾರು 9 ಸಾವಿರ ಜನ ಸತ್ತರು. ಅದೇ ವರ್ಷದ ಕೊನೆಗೆ ಭಾರತದ ಗಡಿಯಲ್ಲಿ ಸರಕು ನಿಂತು, ಅಡುಗೆ ಗ್ಯಾಸಿಗೂ ಪರದಾಡಿದ್ದನ್ನು ಅವರು ಮರೆತಿಲ್ಲ. ನಮ್ಮಲ್ಲಿ ಗೂರ್ಖಾ, ಬಹಾದೂರ್ ಅಂತ ಕರೆಯುವ ಚಾಳಿಯನ್ನು ಗಡಿಯ ಈಚೆಗೇ ಬಿಟ್ಟು ಹೋಗಿ. ಬುದ್ಧ ಹುಟ್ಟಿದ್ದು ಭಾರತದಲ್ಲಿ ಅಂತ ಯಾರೂ ಬಾಯಿಬಿಡಬೇಡಿ. ಲುಂಬಿನಿ ನೀವು ಗಡಿ ದಾಟುವ ಜಾಗದ ಹತ್ತಿರದಲ್ಲೇ ಇದೆ.

ನೇಪಾಳದಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಸಭೆಗಳ ಆರಾಧನೆಯೂ ಸಾಮಾನ್ಯವಾಗಿ ಶನಿವಾರವೇ. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರುತ್ತಾರೆ. ಹಲವು ಕಡೆ ಗಂಡಸರು ಒಂದು ಪಕ್ಕ, ಹೆಂಗಸರು ಒಂದು ಪಕ್ಕ. ಸಾಕ್ಷಿ, ಅಂದರೆ ನಿಮ್ಮ ನಂಬಿಕೆಯ ಅನುಭವ, ಹೇಳಲು ಕರೆದರೆ ಐದು ನಿಮಿಷ ಸಾಕು. ಅನುವಾದ ಸೇರಿ ಅದೇ ಹತ್ತಾಗುತ್ತದೆ. ಆ ಸಭೆಗಳನ್ನು ನಾವು ಕಟ್ಟಿದ್ದಲ್ಲ ಅನ್ನುವುದೂ ನೆನಪಿರಲಿ. 1951ರವರೆಗೆ ಆ ದೇಶದ ಬಾಗಿಲು ಮುಚ್ಚಿತ್ತು. ಆಮೇಲೂ ಸುವಾರ್ತೆ ಹರಡಿದ್ದು ಹೆಚ್ಚಾಗಿ ನೇಪಾಳಿಗಳಿಂದಲೇ, ಡಾರ್ಜಿಲಿಂಗ್ ಕಡೆಯ ನೇಪಾಳಿ ಭಾಷಿಕರಿಂದ. 2021ರ ಜನಗಣತಿಯಲ್ಲಿ ಅಲ್ಲಿನ ಕ್ರೈಸ್ತರು ಶೇ 1.76. ಜೈಲು ನೋಡಿ ಬಂದ ಹಿರಿಯರು ಆ ಸಾಲಿನಲ್ಲಿ ಕೂತಿರಬಹುದು. ಅವರ ಮುಂದೆ ನಂಬಿಕೆಯ ಬಗ್ಗೆ ಪಾಠ ಮಾಡಲು ಎದ್ದು ನಿಲ್ಲುವಾಗ ಸ್ವಲ್ಪ ಯೋಚಿಸಿ.

ಊಟದಲ್ಲಿ ಎರಡು ಮಾತು. ಹಸು ಅಲ್ಲಿ ರಾಷ್ಟ್ರಪ್ರಾಣಿ, ಗೋಹತ್ಯೆ ಅಪರಾಧ. ತಮಾಷೆಗೂ ಆ ಮಾತು ಬೇಡ. ಮದ್ಯವನ್ನು ಅಲ್ಲಿನ ಸಭೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಗೋವಾ ಮೇಲಿಂದ ಹೋಗುತ್ತೇವೆ ಅಂತ ಯಾರೂ ಬಾಟಲಿ ತುಂಬಿಕೊಳ್ಳಬೇಡಿ. ಒಣಮೀನು ಒಯ್ಯುವುದಿದ್ದರೆ ಗಟ್ಟಿಯಾಗಿ ಕಟ್ಟಿ, ಮಂಗಳಾ ಎಕ್ಸ್‌ಪ್ರೆಸ್‌ನ ಸಹಪ್ರಯಾಣಿಕರ ಮೇಲೂ ಪ್ರೀತಿ ಇರಲಿ.

ಬ್ಯಾಗು ಸಣ್ಣದಿರಲಿ. ನವೆಂಬರ್‌ನಲ್ಲಿ ಚಿತ್ವನ್ ಹಗಲು ಹಿತ, ರಾತ್ರಿ ಕರಾವಳಿಯವರಿಗೆ ಚಳಿ. ಒಂದು ಸ್ವೆಟರ್, ಒಂದು ಶಾಲು ಸಾಕು. ನೀರು ಕುದಿಸಿದ್ದು ಅಥವಾ ಬಾಟಲಿಯದ್ದು. ಚಿತ್ವನ್ ತಗ್ಗಿನ ಬಯಲು ಸೀಮೆ, ಸೊಳ್ಳೆ ಇದೆ. ಟೈಫಾಯ್ಡ್, ಹೆಪಟೈಟಿಸ್ ಎ, ಟೆಟನಸ್ ಲಸಿಕೆಗಳ ಬಗ್ಗೆ ಎರಡು ತಿಂಗಳು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ, ಜಪಾನೀಸ್ ಎನ್ಸೆಫಲೈಟಿಸ್ ಬಗ್ಗೆಯೂ ಕೇಳಿ. ನಾಯಿ ಕಚ್ಚಿದರೆ ಅದೇ ದಿನ ಆಸ್ಪತ್ರೆ. ಫೋನ್ ನಂಬರ್‌ಗಳು: ಪೊಲೀಸ್ 100, ಆಂಬುಲೆನ್ಸ್ 102, ಪ್ರವಾಸಿ ಪೊಲೀಸ್ 1144. ಭಾರತದ ರಾಯಭಾರ ಕಚೇರಿ ಕಾಠ್ಮಂಡುವಿನ ಲೈನ್‌ಚೌರ್‌ನಲ್ಲಿದೆ. ಅದರ ನಂಬರ್ ಕಾಗದದ ಮೇಲೆ ಬರೆದು ಎಲ್ಲರ ಜೇಬಿನಲ್ಲಿ ಇಡಿ, ಚಾರ್ಜ್ ಮುಗಿದ ಮೊಬೈಲ್ ನಂಬರ್ ತೋರಿಸುವುದಿಲ್ಲ.

ವಾಪಸ್ ಬಂದ ಮೇಲೆ ಎರಡು ಕೆಲಸ ಉಳಿದಿರುತ್ತದೆ. ಒಂದು, ಕಾಣಿಕೆ ಕೊಟ್ಟ ಸಭೆಗಳಿಗೆ ಲೆಕ್ಕ. ಪ್ರತಿ ರೂಪಾಯಿಯದ್ದೂ, ಎರಡು ವಾರದೊಳಗೆ. ಅನುಭವ ಹೇಳುವಾಗ ಊರು, ಹೆಸರು ಬಿಟ್ಟು ಹೇಳಿ. ಎರಡು, ಆರೋಗ್ಯ. ಬಂದ ಒಂದು ತಿಂಗಳೊಳಗೆ ಯಾರಿಗಾದರೂ ಜ್ವರ ಬಂದರೆ ಡಾಕ್ಟರ್‌ಗೆ ನೇಪಾಳಕ್ಕೆ ಹೋಗಿದ್ದನ್ನು ಮೊದಲು ಹೇಳಬೇಕು. ಅದರಲ್ಲೂ ಶಿರಸಿಯವರು. ಡಿಸೆಂಬರ್ ಹೊತ್ತಿಗೆ ಘಟ್ಟದ ಮೇಲೆ ಮಂಗನ ಕಾಯಿಲೆಯ ಕಾಲ ಶುರುವಾಗುತ್ತದೆ. ಡಾಕ್ಟರ್ ಅದನ್ನೇ ಯೋಚಿಸಿ ರಕ್ತ ಪರೀಕ್ಷೆಗೆ ಕಳಿಸುವುದು ಸಹಜ. ನೀವು ಹೇಳಿದರೆ ಮಲೇರಿಯಾ, ಟೈಫಾಯ್ಡ್ ಕೂಡ ಅದೇ ದಿನ ನೋಡುತ್ತಾರೆ.